ಉಂಗುರ ಮತ್ತು ಲೈಟರು

ಜಾನ್ ಲೆ ಕಾರೆ ಗೂಢಚಾರ ಕಾದಂಬರಿಯ ಪ್ರಕಾರವನ್ನೇ ಮೀರಿದವರು ಎಂಬ ಮಾತು ಮೊನ್ನೆ ಮತ್ತೆ ಕಿವಿಗೆ ಬಿತ್ತು. ಹೇಳಿದವರು ಚೆನ್ನಾಗಿ ಓದಿಕೊಂಡವರು, ಹೊಗಳಬೇಕೆಂದೇ ಹೇಳಿದರು. ನನಗೆ ಮಾತ್ರ ಮೈ ಉರಿಯಿತು. ಹುಡುಗ ಬಂಗಾರ, ಮನೆತನ ಅಷ್ಟಕ್ಕಷ್ಟೆ ಎನ್ನುವ ಧಾಟಿ ಅದು.

ಮನೆತನದ ವಿಚಾರಕ್ಕೇ ಬರೋಣ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ಚಾಣಕ್ಯನ ಗೂಢಚಾರ ಯಮಪಟ ಹಿಡಿದು ಹಾಡುತ್ತ ಮನೆಮನೆ ತಿರುಗುತ್ತಾನೆ. ಚಂದನದಾಸನ ಮನೆಯಿಂದ ಮಗುವೊಂದು ನೋಡಲು ಓಡಿಬರುತ್ತದೆ. ಬಾಗಿಲ ಮರೆಯಿಂದ ಹೆಂಗಸೊಬ್ಬಳು ಕೈಚಾಚಿ ಅದನ್ನು ಒಳಗೆಳೆದುಕೊಳ್ಳುವಾಗ, ಗಂಡಸಿನ ಅಳತೆಯ ಉಂಗುರ ಬೆರಳಿಂದ ಜಾರಿ ಉರುಳುತ್ತ ಅವನ ಕಾಲ ಬಳಿ ಬಂದು ನಿಲ್ಲುತ್ತದೆ. ಅದು ಚಾಣಕ್ಯನ ಎದುರಾಳಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ. ಕೊನೆಗೆ ರಾಕ್ಷಸ ಸಿಕ್ಕಿಬೀಳುವುದು ಯುದ್ಧದಲ್ಲಿ ಸೋತಲ್ಲ, ವಧ್ಯಸ್ಥಾನಕ್ಕೆ ಹೊರಟ ಗೆಳೆಯ ಚಂದನದಾಸನನ್ನು ಉಳಿಸಲು ತಾನಾಗಿ ಬಂದು.

ಈಗ ಲೆ ಕಾರೆಯ 1974ರ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ತೆಗೆಯಿರಿ. ದಿಲ್ಲಿಯ ಜೈಲು, ಸುಡುಬಿಸಿಲು. ಎದುರಿಗೆ ಕೂತ ಸೋವಿಯತ್ ಗೂಢಚಾರ ಕಾರ್ಲಾ ತುಟಿ ಬಿಚ್ಚುವುದಿಲ್ಲ. ಬ್ರಿಟಿಷ್ ಗೂಢಚಾರ ಸ್ಮೈಲಿ ಮಾತ್ರ ಒಂದೇ ಸಮನೆ ಮಾತಾಡುತ್ತಾನೆ. ಆಡುತ್ತಾಡುತ್ತ ಹೆಂಡತಿ ಆ್ಯನ್‌ಳ ಮಾತು ಬಂದುಬಿಡುತ್ತದೆ. ಅವಳು ಕೊಟ್ಟಿದ್ದ ಲೈಟರು ಕಾರ್ಲಾನ ಕೈಸೇರಿ ಹೋಗಿಯೇಬಿಡುತ್ತದೆ. ವರ್ಷಗಳ ನಂತರ, ಸ್ಮೈಲಿಯ ಕಣ್ಣಿಗೆ ಮಂಜು ಕವಿಸಲೆಂದೇ ಒಳದ್ರೋಹಿ ಹೇಡನ್‌ನನ್ನು ಆ್ಯನ್‌ಳ ಹಾಸಿಗೆಗೆ ಕಳಿಸಿದವನು ಕಾರ್ಲಾ. 1979ರ 'ಸ್ಮೈಲೀಸ್ ಪೀಪಲ್'ನಲ್ಲಿ ಸ್ಮೈಲಿ ಇದೇ ಲೆಕ್ಕ ತೀರಿಸುತ್ತಾನೆ: ಕಾರ್ಲಾನ ಅಸ್ವಸ್ಥ ಮಗಳನ್ನು ಹುಡುಕಿ, ಅವಳ ಮೂಲಕ ಅಪ್ಪನಿಗೆ ಬಲೆ ಬೀಸಿ. ಬರ್ಲಿನ್ನಿನ ಸೇತುವೆ ದಾಟಿ ಬಂದ ಕಾರ್ಲಾ ಲೈಟರನ್ನು ನೆಲಕ್ಕೆ ಬಿಡುತ್ತಾನೆ. ಸ್ಮೈಲಿ ಬಗ್ಗಿ ಅದನ್ನು ಎತ್ತಿಕೊಳ್ಳುವುದಿಲ್ಲ.

ಇಲ್ಲಿ ಮೀರಿದ್ದೇನು? ಪ್ರೀತಿ ಇರುವ ಕಡೆಯೇ ಮನುಷ್ಯ ಸಿಗುತ್ತಾನೆ ಎಂಬ ಹಳೆಯ ಪಟ್ಟನ್ನೇ ಲೆ ಕಾರೆ ಹಾಕಿದ್ದಾರೆ. ದಾರಿ ತಪ್ಪಿದ್ದು 1953ರಲ್ಲಿ ಹುಟ್ಟಿದ ಬಾಂಡ್. ಅವನಿಗೆ ಕಾರು, ಮದ್ಯ, ಉಡುಪುಗಳ ಬ್ರ್ಯಾಂಡುಗಳಿವೆ. ಕಳೆದುಕೊಳ್ಳಲು ಒಂದು ಉಂಗುರ ಇಲ್ಲ.

ಹಾಗಾದರೆ 'ನಿಜ ಕಥೆ'ಗಳು? ಸೋವಿಯತ್ ಪರ ಬೇಹು ನಡೆಸಿದ ಬ್ರಿಟಿಷ್ ಗೂಢಚಾರ ಕಿಮ್ ಫಿಲ್ಬಿ ನಮ್ಮ ಅಂಬಾಲದಲ್ಲಿ 1912ರಲ್ಲಿ ಹುಟ್ಟಿದವನು. ಅಡ್ಡಹೆಸರೂ ಕಿಪ್ಲಿಂಗನ ಕಾದಂಬರಿಯದು. 1963ರ ಜನವರಿಯಲ್ಲಿ ಬೈರೂತಿನ ಔತಣವೊಂದರಲ್ಲಿ ಹೆಂಡತಿ ಕಾಯುತ್ತಿರುವಾಗಲೇ ಅವನು ಮಾಸ್ಕೋ ದಾರಿ ಹಿಡಿದ. ಐದು ವರ್ಷದ ಮೇಲೆ ಬಂದ ಆತ್ಮಕಥನಕ್ಕೆ ಗ್ರಹಾಂ ಗ್ರೀನ್ ಮುನ್ನುಡಿ ಬೇರೆ. ಶೈಲಿ ಸೊಗಸು, ಆದರೆ ಬಾಗಿಲೆಲ್ಲ ಮುಚ್ಚಿದ ಮನೆ. ಹೆಂಡತಿಯರಿಗೆ ಜಾಗವೇ ಕಡಿಮೆ. ಮಾಸ್ಕೋದಲ್ಲಿ ಅವನನ್ನು ಕಾಣುವ ಅವಕಾಶ ಬಂದಾಗ ಲೆ ಕಾರೆ ಒಲ್ಲೆ ಎಂದರು. ಒಳ್ಳೆಯದೇ ಮಾಡಿದರು. (ಲೆ ಕಾರೆಯ ಆ್ಯನ್ ಕೂಡ ಅರ್ಧ ಗಾಳಿಸುದ್ದಿಯೇ. ಅದೇ ತಪ್ಪಿಗೆ ಒಬ್ಬನನ್ನು ಬೈದು ಇನ್ನೊಬ್ಬರನ್ನು ಬಿಡುತ್ತಿದ್ದೇನೆ; ಇರಲಿ.)

ನಿಜವಾದ ಜಗಳ ನಮ್ಮ ಮಡಿಯ ಜೊತೆಗೆ. ಕಾಪಟಿಕ, ಉದಾಸ್ಥಿತ, ತಾಪಸ, ಭಿಕ್ಷುಕಿ ಎಂದು ಗೂಢಚಾರರನ್ನು ವಿಂಗಡಿಸಿದ ಅರ್ಥಶಾಸ್ತ್ರದ ಓಲೆಗರಿ ಬೆಳಕು ಕಂಡದ್ದು ಮೈಸೂರಿನಲ್ಲಿ. 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿ. ಅದು ಶಾಸ್ತ್ರವಾಯಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕ ಮಾತ್ರ ಪಠ್ಯದ ಮಧ್ಯೆ ಬಚ್ಚಿಟ್ಟು ಓದುವ ಕಳ್ಳಮಾಲಾಯಿತು.

ಚಾಣಕ್ಯ-ರಾಕ್ಷಸರ ಅದೇ ಕಥೆಯನ್ನು 1823ರಲ್ಲೇ ಕೆಂಪುನಾರಾಯಣ 'ಮುದ್ರಾಮಂಜೂಷ'ದಲ್ಲಿ ಕನ್ನಡ ಗದ್ಯಕ್ಕೆ ತಂದ. ಕಾಲೇಜಿನಲ್ಲಿ ನಮಗೆ ಅದರ ಬಗ್ಗೆ ಪ್ರಶ್ನೆ ಬಂದಿತ್ತು. ಹಳಗನ್ನಡ ಹೊಸಗನ್ನಡದತ್ತ ಹೊರಳುವುದನ್ನು ಕುರಿತು ನಾಲ್ಕು ಪುಟ ಬರೆದೆ. ಗೂಢಚಾರ ಎಂಬ ಪದ ಒಂದು ಸಲವೂ ಬರಲಿಲ್ಲ. ಅಂಕ ಚೆನ್ನಾಗಿಯೇ ಬಂದವು.