ಸ್ಕಿಯಾಥೋಸ್ ದ್ವೀಪದ 'ಕೊಲೆಗಾತಿ'

ಗ್ರೀಸಿನ ಸ್ಕಿಯಾಥೋಸ್ ದ್ವೀಪ ಇಂದು ಪ್ರವಾಸಿಗರ ನೀಲಿ ಕಡಲು. ಅಲ್ಲೇ ಹುಟ್ಟಿದ ಅಲೆಕ್ಸಾಂಡ್ರೊಸ್ ಪಾಪದಿಯಮಾಂಡಿಸ್ 1903ರಲ್ಲಿ ಪ್ರಕಟಿಸಿದ ಕಿರುಕಾದಂಬರಿ 'ಕೊಲೆಗಾತಿ' ತೋರುವ ದ್ವೀಪವೇ ಬೇರೆ. ಅಲ್ಲಿ ಹೆಣ್ಣು ಹುಟ್ಟಿದರೆ ಬಡವರೂ ವರದಕ್ಷಿಣೆ ಹೊಂದಿಸಲೇಬೇಕು. ತೊಟ್ಟಿಲು ಕಾಯುತ್ತ ಕೂತ ಅಜ್ಜಿ ಹದೂಲಾ ಮೊಮ್ಮಗಳ ಉಸಿರು ನಿಲ್ಲಿಸುತ್ತಾಳೆ. ಅದನ್ನು ಉಪಕಾರವೆಂದು ನಂಬಿ ಬೇರೆಯವರ ಹೆಣ್ಣುಮಕ್ಕಳನ್ನೂ ಕೊಲ್ಲುತ್ತಾಳೆ. ಲೇಖಕ ಅವಳನ್ನು ಕ್ಷಮಿಸುವುದಿಲ್ಲ, ರಾಕ್ಷಸಿಯಾಗಿಸುವುದೂ ಇಲ್ಲ. ಕೊನೆಗೆ ಪೊಲೀಸರಿಂದ ತಪ್ಪಿಸಿಕೊಂಡು ಸನ್ಯಾಸಿಯೊಬ್ಬನ ಬಳಿಗೆ ಹೊರಟವಳು ಕಡಲಿನ ಉಬ್ಬರಕ್ಕೆ ಸಿಕ್ಕಿ ಸಾಯುತ್ತಾಳೆ. ಇದನ್ನು ದೇವರ ತೀರ್ಪೆಂದು ಓದಬಹುದು. ನನಗೆ ಹಾಗನ್ನಿಸುವುದಿಲ್ಲ. ಮುಳುಗುವಾಗ ಅವಳ ಕಣ್ಣಿಗೆ ಬೀಳುವುದು ಹೆತ್ತವರು ಅವಳಿಗೇ ವರದಕ್ಷಿಣೆಯಾಗಿ ಕೊಟ್ಟಿದ್ದ ಬರಡು ಹೊಲ. ಕಾದಂಬರಿಯ ತೀರ್ಪು ಆ ಹೊಲದಲ್ಲಿದೆ. ಗ್ರೀಸ್ ವರದಕ್ಷಿಣೆಯನ್ನು ಕಾನೂನಿನಿಂದ ತೆಗೆದದ್ದು 1983ರಲ್ಲಿ. ನಾವು 1961ರಲ್ಲೇ ನಿಷೇಧಿಸಿದೆವು. ಆದರೂ ಹದೂಲಾಳ ಲೆಕ್ಕಾಚಾರ ನಮಗೆ ಅರ್ಥವಾಗಲು ಅಡಿಟಿಪ್ಪಣಿ ಬೇಕಾಗುವುದಿಲ್ಲ.