ಗೀತಗೋಷ್ಠಿಯಲ್ಲಿ ಅಂಕಿತದ ಸ್ಥಾನ

ಹುಬ್ಬಳ್ಳಿ-ಧಾರವಾಡಗಳ ಗಾಯನಸಭೆಗಳಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ಜಾತಿಯ ಮೆಚ್ಚಿನ ಗೀತಗಳನ್ನು ಒಂದೇ ಕೂಟದಲ್ಲಿ ಹಾಡಿ ಕೇಳುವ ರೂಢಿಯು ಬಹುಕಾಲದಿಂದ ನೆಲೆನಿಂತಿರುವುದು. ಮೊದಲು ಖ್ಯಾಲು, ತರುವಾಯ ವಚನ, ದಾಸರ ಪದ, ನಾಟ್ಯಗೀತ, ತತ್ತ್ವಪದಗಳು, ಕಡೆಗೆ ಭೈರವಿ ಎಂಬ ಕ್ರಮವು ಇಲ್ಲಿಯ ರಸಿಕರಿಗೆ ಸುಪರಿಚಿತವೇ ಸರಿ. ಈ ಸಂಮಿಶ್ರಗೋಷ್ಠಿಯು ಸಾಹಿತ್ಯದೃಷ್ಟಿಯಿಂದ ಎಷ್ಟರಮಟ್ಟಿಗೆ ಸಮಂಜಸವಾದುದು, ಅದರಲ್ಲಿ ಗೀತಕ್ಕೆ ಎಲ್ಲಿ ಹಾನಿಯು ತಟ್ಟುವುದು ಎಂಬುದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಸಂಮಿಶ್ರಣವು ತಾನಾಗಿ ದೋಷವಲ್ಲ. ಮತಂಗಮುನಿಯು ಬೃಹದ್ದೇಶಿಯಲ್ಲಿ ದೇಶೀ ಶಬ್ದಕ್ಕೆ ಲಕ್ಷಣ ಹೇಳುವಾಗ, ಸ್ತ್ರೀಯರು, ಬಾಲಕರು, ಗೋವಳರು, ಅರಸರು ತಮ್ಮ ತಮ್ಮ ನಾಡಿನಲ್ಲಿ ಸ್ವೇಚ್ಛೆಯಿಂದಲೂ ಅನುರಾಗದಿಂದಲೂ ಹಾಡುವುದೆಲ್ಲವನ್ನೂ ಆ ಹೆಸರಿನಿಂದ ಕರೆದಿರುವನು. ಗೋವಳನನ್ನೂ ಅರಸನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಈ ಲಕ್ಷಣದಲ್ಲಿ ಮೆಚ್ಚುಗೆಯೇ ಪ್ರಮಾಣ. ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಖ್ಯಾಲಿನೊಡನೆ ವಚನಗಳನ್ನೂ, ಭೀಮಸೇನ ಜೋಶಿಯವರು (೧೯೨೨–೨೦೧೧) ದಾಸರ ಪದ ಮತ್ತು ಮರಾಠಿ ಅಭಂಗಗಳನ್ನೂ ಹಾಡಿ ಜನಮನ್ನಣೆ ಪಡೆದುದು ಈ ಲಕ್ಷಣಕ್ಕೆ ಉದಾಹರಣೆಯಾಗಿದೆ. ಹನ್ನೆರಡನೆಯ ಶತಮಾನದ ವಚನಕ್ಕೆ ಇಪ್ಪತ್ತನೆಯ ಶತಮಾನದ ಗಾಯಕನು ರಾಗವನ್ನು ಕೂಡಿಸಿದನೆಂದು ಆಕ್ಷೇಪಿಸುವುದೂ ತರವಲ್ಲ. ರಾಗವು ಬದಲಾದರೂ ವಾಕ್ಯವು ಉಳಿದರೆ ಗೀತವು ಉಳಿಯಿತು.

ಆದರೆ ವಾಕ್ಯವು ಉಳಿಯುತ್ತಿರುವುದೇ ಎಂಬುದೇ ಪ್ರಶ್ನೆ. ಇತ್ತೀಚಿನ ಗೋಷ್ಠಿಗಳಲ್ಲಿ ಮೊದಲ ನುಡಿಯನ್ನು ಹತ್ತಾರು ಬಾರಿ ಮರಳಿಸಿ, ನಡುವಣ ಒಂದೆರಡು ನುಡಿಗಳನ್ನು ಮುಟ್ಟಿ, ಅಂಕಿತವಿರುವ ಕೊನೆಯ ನುಡಿಯನ್ನು ಬಿಟ್ಟುಬಿಡುವ ಪದ್ಧತಿಯು ಕಂಡುಬರುತ್ತಿದೆ. ಇದಕ್ಕೆ ಕಾರಣಗಳುಂಟು. ಹಳೆಯ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ೩ ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. ಇಂದು ದೂರವಾಣಿಯಲ್ಲಿ ಒಬ್ಬರಿಂದೊಬ್ಬರಿಗೆ ಸಾಗುವ ತುಣುಕಿಗೆ ಅಷ್ಟು ಅವಕಾಶವೂ ಇಲ್ಲ. ಕಾರಣವು ಯಾವುದೇ ಆಗಲಿ, ಕತ್ತರಿಯು ಮೊದಲು ಬೀಳುವುದು ಅಂಕಿತದ ಮೇಲೆಯೇ.

ಅಂಕಿತವು ಕೇವಲ ಕವಿಯ ಮುದ್ರೆಯೆಂದು ಭಾವಿಸಿದವರಿಗೆ ಇದರಿಂದ ವಿಶೇಷ ನಷ್ಟವು ತೋರದು. ವಚನದಲ್ಲಿ ಅದು ಹಾಗಲ್ಲ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುವಿನ ಗುಹೇಶ್ವರ, ಮಹಾದೇವಿಯಕ್ಕನ ಚೆನ್ನಮಲ್ಲಿಕಾರ್ಜುನ, ಇವು ಬಹುಶಃ ಸಂಬೋಧನೆಯಲ್ಲಿ ಬರುವುವು. ಉಳಿದೆಡೆಗಳಲ್ಲಿ ವಾಕ್ಯದ ಕರ್ತೃವೋ ಕರ್ಮವೋ ಆಗಿ ನಿಲ್ಲುವುವು. ಮೀಮಾಂಸಕರು ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರನ್ನು ಹೇಳಿರುವರಷ್ಟೆ. ಅಂಕಿತವನ್ನು ತೆಗೆದ ವಚನದಲ್ಲಿ ಆಕಾಂಕ್ಷೆಯೇ ತೀರದು: ಯಾರನ್ನು ಕುರಿತು ಈ ಮಾತು, ಯಾರು ಒಲಿವವನು ಎಂಬ ಪ್ರಶ್ನೆಯು ಹಾಗೆಯೇ ಉಳಿಯುವುದು. ಭಕ್ತನು ದೇವನೊಡನೆ ಆಡಿದ ಮಾತು ಗಾಯಕನು ಸಭೆಗೆ ಹೇಳಿದ ನೀತಿಯಾಗಿ ಮಾರ್ಪಡುವುದು.

ಮತ್ತೊಂದು ಸೂಕ್ಷ್ಮವುಂಟು. ದಾಸರ ಪದಕ್ಕೆ ಪಲ್ಲವಿಯು ಕವಿಯೇ ಇತ್ತ ಅಂಗ. ಎಷ್ಟೋ ಪದಗಳಲ್ಲಿ ಚರಣದ ವಾಕ್ಯವು ಪಲ್ಲವಿಯ ಕ್ರಿಯಾಪದಕ್ಕೆ ಮರಳಿದ ಮೇಲೆಯೇ ಪೂರ್ಣವಾಗುವುದು. ಅಲ್ಲಿ ಪಲ್ಲವಿಯ ಆವೃತ್ತಿಯು ಅರ್ಥಪೋಷಕ. ವಚನಕ್ಕೆ ಪಲ್ಲವಿಯಿಲ್ಲ. ಗಾಯಕನು ಅದರ ಮೊದಲ ವಾಕ್ಯವನ್ನೇ ಪಲ್ಲವಿಯನ್ನಾಗಿ ಮಾಡಿಕೊಂಡು, ಅಂಕಿತವನ್ನು ಹಾಡಿದ ಮೇಲೆಯೂ ಅಲ್ಲಿಗೆ ಹಿಂದಿರುಗುವನು. ಸಂದೇಹದಿಂದ ಹೊರಟು ನಿಶ್ಚಯದಲ್ಲಿ ನಿಂತ ವಚನವು ಹೀಗೆ ಪುನಃ ಸಂದೇಹಕ್ಕೆ ಬೀಳುವುದು. ಒಂದೇ ಗಾನಕ್ರಮವು ದಾಸರ ಪದದಲ್ಲಿ ಗುಣವೂ ವಚನದಲ್ಲಿ ದೋಷವೂ ಆಗುವುದಾದರೆ, ಅವೆರಡನ್ನೂ ‘ಭಕ್ತಿಗೀತೆ’ ಎಂಬ ಒಂದೇ ಹೆಸರಿನಲ್ಲಿ ಅಡಗಿಸುವುದು ಉಚಿತವಲ್ಲ.

ಅಂಕಿತವು ನಾಡಿನ ನಕ್ಷೆಯೂ ಹೌದು. ಕನಕದಾಸರ ಆದಿಕೇಶವನಿಗೆ ಕಾಗಿನೆಲೆಯೂ, ಬಸವಣ್ಣನವರ ದೇವನಿಗೆ ಕೂಡಲಸಂಗಮವೂ ಅಂಟಿಕೊಂಡಿರುವುವು. ಶರೀಫಸಾಹೇಬರ (೧೮೧೯–೧೮೮೯) ಶಿಶುನಾಳಧೀಶನು ಧಾರವಾಡ ಸೀಮೆಯ ಆಡುಮಾತಿನ ಮಧ್ಯದಲ್ಲಿಯೇ ನಿಂತಿರುವನು. ಹೊರಗೆ ಮನೆಮಾತಿನ ಸಂಗತಿ, ಒಳಗೆ ಯೋಗಾನುಭವ ಎಂಬ ಇಮ್ಮಡಿಯ ಅರ್ಥವುಳ್ಳ ಆ ತತ್ತ್ವಪದಗಳಲ್ಲಿ ಅನೇಕಕ್ಕೆ ಕೊನೆಯ ನುಡಿಯೇ ಬೀಗದ ಕೈ. ಅದನ್ನು ಬಿಟ್ಟು ಹಾಡಿದರೆ ಶ್ರೋತೃಗಳಿಗೆ ದಕ್ಕುವುದು ಹೊರಗಿನ ವಿನೋದವಷ್ಟೆ.

ಇಲ್ಲಿ ಪೂರ್ವಪಕ್ಷಿಯು ಮೂರು ಆಕ್ಷೇಪಗಳನ್ನು ತರಬಹುದು. ಖ್ಯಾಲಿನಲ್ಲಿ ಶಬ್ದವು ಅಪ್ರಧಾನವಾದುದರಿಂದ ಉಳಿದ ಗೀತಗಳಿಗೂ ಅದೇ ನ್ಯಾಯವು ಸಲ್ಲಲಿ ಎಂಬುದು ಮೊದಲನೆಯದು. ಖ್ಯಾಲಿನ ವಿಷಯವು ರಾಗವೇ ಆಗಿರುವುದರಿಂದ ಅಲ್ಲಿ ಶಬ್ದಸಂಕೋಚವು ಸಲ್ಲುವುದು. ಆದರೂ ಮಹಮ್ಮದಶಾಹನ ಆಸ್ಥಾನದ ಸದಾರಂಗನು ತನ್ನ ಮುದ್ರೆಯನ್ನು ಆ ಕಿರುಶಬ್ದಗಳಲ್ಲಿಯೇ ಇರಿಸಿರುವನೆಂಬುದನ್ನು ಮರೆಯಲಾಗದು. ಗರತಿಯರ ಹಾಡುಗಳಿಗೆ ಅಂಕಿತವೇ ಇಲ್ಲವಲ್ಲ ಎಂಬುದು ಎರಡನೆಯದು. ನಿಜ, ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಹೆಸರಿಲ್ಲದ ಹೆಣ್ಣುಮಕ್ಕಳ ಸೊತ್ತು. ಆದರೆ ತ್ರಿಪದಿಗೆ ಛಂದಸ್ಸೇ ಮುಕ್ತಾಯವನ್ನು ಕೊಡುವುದು. ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳಾಗಿ, ಮೂರನೆಯ ಪಾದವು ಒಂದು ಗಣ ಕಡಿಮೆಯಾಗಿ ನಿಲ್ಲುವುದು, ಸುಮಾರು ಕ್ರಿ. ಶ. ೭೦೦ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದು ಈ ಬಂಧ. ಆ ಮೂರನೆಯ ಪಾದವನ್ನು ಬಿಟ್ಟು ತ್ರಿಪದಿಯನ್ನು ಯಾರೂ ಹಾಡರು. ಅಂಕಿತಕ್ಕೂ ಅಷ್ಟೇ ಮರ್ಯಾದೆಯು ಸಲ್ಲಬೇಕು.

ಮೂರನೆಯ ಆಕ್ಷೇಪವು ಶಾಸ್ತ್ರದ್ದು. ಸಂಗೀತರತ್ನಾಕರದಲ್ಲಿ ಪ್ರಬಂಧಕ್ಕೆ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗಗಳೆಂಬ ಧಾತುಗಳನ್ನು ಹೇಳಿ, ವಾಗ್ಗೇಯಕಾರನ ನಾಮಕ್ಕೆ ಆಭೋಗದಲ್ಲಿ ಸ್ಥಾನವನ್ನು ಕಲ್ಪಿಸಿದೆ. ಆಭೋಗವಿಲ್ಲದ ದ್ವಿಧಾತು ಪ್ರಬಂಧಗಳನ್ನೂ ಅಂಗೀಕರಿಸಿದೆ. ಹಾಗಾದರೆ ಬಿಡುವುದಕ್ಕೆ ಅನುಮತಿಯುಂಟಲ್ಲವೆ ಎನ್ನಬಹುದು. ಆದರೆ ಆ ಅನುಮತಿಯು ಪ್ರಬಂಧವನ್ನು ರಚಿಸುವವನಿಗೆ. ಕವಿಯು ಇರಿಸಿದ ಆಭೋಗವನ್ನು ಹಾಡುವವನು ಕಿತ್ತುಹಾಕಲು ಅದು ಪ್ರಮಾಣವಾಗಲಾರದು.

ಆದುದರಿಂದ ಗೋಷ್ಠಿಗಳು ಈಗಿರುವಂತೆ ಸಂಮಿಶ್ರವಾಗಿಯೇ ನಡೆಯಲಿ. ಕಾಲವು ಸಾಲದಿದ್ದರೆ ಆಲಾಪವನ್ನೋ ಮೊದಲ ನುಡಿಯ ಆವೃತ್ತಿಯನ್ನೋ ಕಿರಿದುಮಾಡಿ ಅಂಕಿತವನ್ನು ಉಳಿಸಿಕೊಳ್ಳಬೇಕು. ವಚನವನ್ನು ಅಂಕಿತದಲ್ಲಿಯೇ ನಿಲ್ಲಿಸಬೇಕು. ಶಾಲೆ-ಕಾಲೇಜುಗಳಲ್ಲಿ ಈ ಗೀತಗಳನ್ನು ಪಾಠ ಹೇಳುವವರು, ವಿದ್ಯಾರ್ಥಿಯು ಕೇಳಿ ಬಂದ ತುಣುಕನ್ನು ಗ್ರಂಥದೊಡನೆ ಹೋಲಿಸಿ ಅಂಕಿತದ ವಿಭಕ್ತಿಯನ್ನು ಗುರುತಿಸುವಂತೆ ಅಭ್ಯಾಸಮಾಡಿಸುವುದು ಲೇಸು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ತರುವಾಯ ವಚನಗಳ ಅಚ್ಚಿನ ಪಾಠಗಳು ಸುಲಭವಾಗಿ ದೊರೆಯುತ್ತಿರುವುದರಿಂದ ಇದು ಕಷ್ಟಸಾಧ್ಯವಲ್ಲ. ವಿದ್ವಾಂಸರು ಈ ವಿಷಯವನ್ನು ಇನ್ನೂ ವಿಚಾರಕ್ಕೆ ತರಬೇಕೆಂದು ವಿಜ್ಞಾಪಿಸುತ್ತೇನೆ.