ಪದವಿ ಬಂತು, ಪದ ಬರಲಿಲ್ಲ



ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬರುವವರನ್ನು ಕರ್ನಾಟಕದ ಗಡಿಯಲ್ಲಿ ಎದುರುಗೊಳ್ಳುವ ಊರು ಕೊಗನೊಳ್ಳಿ. ನಿಪ್ಪಾಣಿ ತಾಲ್ಲೂಕಿನ ಈ ಗಡಿಯೂರಿನಿಂದ ಉತ್ತರಕ್ಕೆ ಸುಮಾರು 250 ಕಿ.ಮೀ. ಸಾಗಿದರೆ ಪುಣೆಯ ಜ್ಞಾನದೀಪ ವಿದ್ಯಾಪೀಠ ಸಿಗುತ್ತದೆ. ದಕ್ಷಿಣಕ್ಕೆ ಸುಮಾರು 600 ಕಿ.ಮೀ. ಸಾಗಿದರೆ ಬೆಂಗಳೂರು, ಅಲ್ಲಿ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಮತ್ತು ಧರ್ಮಾರಾಮ್ ವಿದ್ಯಾಕ್ಷೇತ್ರ. ಕಥೋಲಿಕ ದೈವಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಯಸುವ ನಮ್ಮ ಸೀಮೆಯ ಯುವ ಗುರುಗಳೂ ಧರ್ಮಭಗಿನಿಯರೂ ಸಾಮಾನ್ಯವಾಗಿ ಈ ಎರಡು ದಿಕ್ಕುಗಳಲ್ಲೊಂದನ್ನು ಹಿಡಿಯುತ್ತಾರೆ. ಯಾವ ದಿಕ್ಕನ್ನು ಹಿಡಿದರೂ ಪಾಠದ ಭಾಷೆ ಇಂಗ್ಲಿಷ್, ಪ್ರಬಂಧದ ಭಾಷೆ ಇಂಗ್ಲಿಷ್. ನನ್ನ ತಕರಾರು ಅಲ್ಲಿಂದಲೇ ಆರಂಭ.

ಈ ವ್ಯಾಸಂಗ ಏನೆಂಬುದನ್ನು ಮೊದಲು ತಿಳಿಯೋಣ. ವಿಶ್ವಗುರು ಎರಡನೆಯ ಜಾನ್ ಪೌಲರು 1979ರಲ್ಲಿ ನೀಡಿದ ನಿಯಮಾವಳಿಯ ಸ್ಥಾನದಲ್ಲಿ ವಿಶ್ವಗುರು ಫ್ರಾನ್ಸಿಸ್ಸರು 2017ರಲ್ಲಿ 'ವೆರಿತಾತಿಸ್ ಗೌದಿಯುಮ್' ಎಂಬ ಶಾಸನವನ್ನು ಹೊರಡಿಸಿದರು. ಅದರಂತೆ ದೈವಶಾಸ್ತ್ರದ ವ್ಯಾಸಂಗಕ್ಕೆ ಮೂರು ಹಂತಗಳು. ತತ್ವಶಾಸ್ತ್ರವೂ ಸೇರಿ ಐದು ವರ್ಷಗಳದ್ದು ಮೊದಲ ಹಂತ. ಎರಡು ವರ್ಷಗಳ ಎರಡನೆಯ ಹಂತದಲ್ಲಿ ಶ್ರೀಗ್ರಂಥ, ನೀತಿಶಾಸ್ತ್ರ, ಆರಾಧನಾವಿಧಿ ಮುಂತಾದ ಒಂದು ಶಾಖೆಯನ್ನು ಆಯ್ದು ಆಳವಾಗಿ ಅಭ್ಯಸಿಸಬೇಕು. ಅದರ ಕೊನೆಗೆ ದೊರೆಯುವುದು ಲೈಸೆನ್ಷಿಯೇಟ್. ಮೂರನೆಯದು ಡಾಕ್ಟರೇಟ್. ಗುರುಮಠದಲ್ಲಿ ಪಾಠ ಹೇಳಬೇಕಾದರೆ ಎರಡನೆಯ ಹಂತದ ಪದವಿಯಾದರೂ ಬೇಕು. ಅಂದರೆ ನಮ್ಮ ಧರ್ಮಕೇಂದ್ರಗಳಿಗೆ ಬರುವ ಗುರುಗಳನ್ನು ರೂಪಿಸುವವರು ಈ ಮೂಸೆಯಿಂದಲೇ ಬಂದವರು. ಅಲ್ಲಿ ಹುಟ್ಟದ ಮಾತು ನಮ್ಮ ಪೀಠದಿಂದ ಕೇಳಿಬರುವುದು ಕಷ್ಟ.

ಈ ಸಂಸ್ಥೆಗಳ ಪಾಂಡಿತ್ಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೀಬ್ರೂ, ಗ್ರೀಕ್ ಮೂಲಗಳನ್ನು ತಾಳ್ಮೆಯಿಂದ ಓದುವ, ಮಹಾಸಭೆಗಳ ಇತಿಹಾಸವನ್ನು ಬಿಚ್ಚಿ ನೋಡುವ, ತಾನು ನಂಬಿದ್ದನ್ನೇ ಪ್ರಶ್ನಿಸಿಕೊಳ್ಳುವ ಶಿಸ್ತು ಬೇರೆಡೆ ಸುಲಭವಾಗಿ ಸಿಗದು. ಆದರೆ ಆ ಶಿಸ್ತಿನ ಫಲವು ಗ್ರಂಥಾಲಯದ ಕಪಾಟಿನಲ್ಲೇ ಉಳಿಯುತ್ತಿದೆ. ಲೈಸೆನ್ಷಿಯೇಟ್ ಮುಗಿಸಿ ಮರಳಿದವರಿಗೆ ನಾವು ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಅವರು ಏನನ್ನು ಕುರಿತು ಬರೆದರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಧರ್ಮಸಭೆಯ ಕಾನೂನು ಹೀಗೆ ಬಯಸುವುದಿಲ್ಲ. 1983ರ ಧರ್ಮಸಭಾ ಸಂಹಿತೆಯ 249ನೆಯ ನಿಯಮವು ಗುರು ಅಭ್ಯರ್ಥಿಗಳಿಗೆ ಮಾತೃಭಾಷೆಯನ್ನು ಜಾಗ್ರತೆಯಿಂದ ಕಲಿಸಬೇಕೆಂದು ಮೊದಲು ಹೇಳಿ, ಅನಂತರ ಲತೀನನ್ನೂ ಇತರ ಭಾಷೆಗಳನ್ನೂ ಹೆಸರಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಪ್ರಚಾರ ಕುರಿತ 1965ರ ತನ್ನ ಆದೇಶದಲ್ಲಿ, ಪ್ರತಿಯೊಂದು ದೊಡ್ಡ ಸಾಂಸ್ಕೃತಿಕ ವಲಯದಲ್ಲೂ ದೈವಶಾಸ್ತ್ರದ ಚಿಂತನೆ ಹೊಸದಾಗಿ ನಡೆಯಬೇಕೆಂದು ಬಯಸಿತು. ಆದರೂ ಎರಡನೆಯ ಹಂತಕ್ಕೆ ಬಂದಾಗ ವಿದ್ಯಾರ್ಥಿಯ ಲತೀನ್ ಪರೀಕ್ಷೆಗೊಳಗಾಗುತ್ತದೆ. ಅವನ ಕನ್ನಡವನ್ನು ಕೇಳುವವರಿಲ್ಲ.

ಇದರಿಂದ ನಷ್ಟವೇನು? ಒಂದೇ ಪದವನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನವರು 'ಗ್ರೇಸ್' ಎನ್ನುವುದಕ್ಕೆ ನಾವು 'ವರಪ್ರಸಾದ' ಎನ್ನುತ್ತೇವೆ. ಕನ್ನಡದಲ್ಲಿ ಜಪಸರ ಹಿಡಿದ ಅಜ್ಜಿಯ ಬಾಯಲ್ಲಿ ಈ ಪದ ದಿನಕ್ಕೆ ಐವತ್ತಕ್ಕೂ ಹೆಚ್ಚು ಬಾರಿ ಬರುತ್ತದೆ. ನಮ್ಮನ್ನು ನೀತಿವಂತರನ್ನಾಗಿಸುವ ದೇವರ ಕಾರ್ಯ ನಮ್ಮ ಅರ್ಹತೆಯಿಂದ ಆರಂಭವಾಗುವುದಿಲ್ಲ, ಅದು ಉಚಿತವಾದ ಕೊಡುಗೆ ಎಂಬುದು 1547ರ ಜನವರಿಯಲ್ಲಿ ತ್ರೆಂತ್ ಮಹಾಸಭೆ ನೀಡಿದ ತೀರ್ಮಾನದ ತಿರುಳು. ಆದರೆ ನಮ್ಮ ಪುರಾಣಗಳಲ್ಲಿ 'ವರ' ಎಂಬುದು ತಪಸ್ಸಿಗೆ ದೊರೆಯುವ ಫಲ. ಭಸ್ಮಾಸುರನೂ ತಪಸ್ಸು ಮಾಡಿಯೇ ವರ ಗಳಿಸಿದ. ಹಾಗಿದ್ದರೆ ಪದದ ಮೊದಲರ್ಧ ನಮ್ಮನ್ನು ಗಳಿಕೆಯ ಕಡೆಗೆ ಎಳೆಯುತ್ತದೆ. 'ಪ್ರಸಾದ' ಎಂಬ ಉತ್ತರಾರ್ಧ ಅದನ್ನು ತಿದ್ದುತ್ತದೆ. ಏಕೆಂದರೆ ಪ್ರಸಾದವನ್ನು ಯಾರೂ ಗಳಿಸುವುದಿಲ್ಲ, ಕೈಯೊಡ್ಡಿ ಸ್ವೀಕರಿಸುತ್ತಾರೆ.

ವಿಷಯ ಇಲ್ಲಿಗೇ ಮುಗಿಯದು. ಅಥಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ನಮ್ಮ ನೆರೆಮನೆಯವರು ಬಹುಮಟ್ಟಿಗೆ ಲಿಂಗಾಯತರು. ಅವರಿಗೆ ಪ್ರಸಾದವು ಅಷ್ಟಾವರಣಗಳಲ್ಲೊಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲ ಮೂರನೆಯದು. ಅರ್ಪಿಸಿದ್ದೇ ಪಾವನವಾಗಿ ಮರಳಿ ಬರುತ್ತದೆ, ಅದರಿಂದ ಇಡೀ ಬದುಕು ಬದಲಾಗುತ್ತದೆ ಎಂಬ ದೀರ್ಘ ಚಿಂತನೆ ಆ ಪದದೊಳಗಿದೆ. ನಮ್ಮ ಬಲಿಪೂಜೆಯಲ್ಲಿಯೂ ಅರ್ಪಿಸಿದ ರೊಟ್ಟಿಯೇ 'ಪರಮಪ್ರಸಾದ'ವಾಗಿ ಮರಳುತ್ತದೆ. ಗ್ರೀಕಿನಲ್ಲಿ ವರಪ್ರಸಾದಕ್ಕೆ 'ಖಾರಿಸ್' ಎನ್ನುತ್ತಾರೆ. 'ಯೂಖರಿಸ್ತಿಯ' ಎಂಬ ಪದದ ಒಡಲಲ್ಲಿ ಇರುವುದೂ ಅದೇ ಬೇರು. ಇಂಗ್ಲಿಷಿನ 'ಗ್ರೇಸ್' ಮತ್ತು 'ಕಮ್ಯುನಿಯನ್'ಗಳ ನಡುವೆ ಕಿವಿಗೆ ಅಂಥ ನಂಟು ಕೇಳಿಸದು. ಕನ್ನಡದಲ್ಲಿ ಕೇಳಿಸುತ್ತದೆ. ವರಪ್ರಸಾದವನ್ನು ಕುರಿತು ಇಂಗ್ಲಿಷಿನಲ್ಲಿ ನೂರು ಪುಟ ಬರೆಯುವ ವಿದ್ಯಾರ್ಥಿಗೆ ಈ ತೊಡಕೂ ಎದುರಾಗದು, ಈ ಸಂಪತ್ತೂ ದಕ್ಕದು.

ಕನ್ನಡದಲ್ಲಿ ಪಾರಿಭಾಷಿಕ ಪದಗಳಿಲ್ಲ ಎನ್ನುವವರಿದ್ದಾರೆ. ಮೈಸೂರು ಮಿಶನ್ನಿನ ಧರ್ಮಾಧ್ಯಕ್ಷ ಶಾರ್ಬೊನೊ ಅವರು ಲತೀನ್–ಕನ್ನಡ ನಿಘಂಟನ್ನು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1861ರಲ್ಲಿ. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ. ಪ್ರಾಟೆಸ್ಟೆಂಟ್ ಸಹೋದರರು ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲಿ ದೈವಶಾಸ್ತ್ರ ಬೋಧಿಸುತ್ತ ಬಂದಿದ್ದಾರೆ. ಪದಗಳು ಬಳಸಿದರೆ ಹುಟ್ಟುತ್ತವೆ. (ಬಾಯಿಗೆ ಹಿಡಿಯದ ಸಂಸ್ಕೃತ ಸಮಾಸಗಳನ್ನು ಹೆಣೆದು ಅದನ್ನೇ ಕನ್ನಡವೆಂದು ಒಪ್ಪಿಸುವ ಚಟವೂ ನನಗೆ ಹಿಡಿಸದು. ಅದು ಇನ್ನೊಂದು ಲತೀನ್ ಅಷ್ಟೆ.)

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಒಂದೇ ತರಗತಿಯಲ್ಲಿ ಕೇರಳದವರು, ನಾಗಾಲ್ಯಾಂಡಿನವರು, ಛೋಟಾನಾಗಪುರದವರು ಕುಳಿತಿರುವಾಗ ಸಾಮಾನ್ಯ ಭಾಷೆಯೊಂದು ಬೇಕೇ ಬೇಕು. ಇದನ್ನು ಒಪ್ಪುತ್ತೇನೆ. ಪಾಠ ಇಂಗ್ಲಿಷಿನಲ್ಲೇ ನಡೆಯಲಿ. ಕೊಗನೊಳ್ಳಿಯಂಥ ಊರಿನಲ್ಲಿ 'ನಮ್ಮ ಭಾಷೆ' ಯಾವುದೆಂಬ ಪ್ರಶ್ನೆಯೂ ಸರಳವಲ್ಲ. ಸಂತೆಯಲ್ಲಿ ಕನ್ನಡ ಮರಾಠಿಗಳು ಒಂದರೊಳಗೊಂದು ಬೆರೆತಿವೆ, ಬೆಳಗಾವಿಯ ಕಥೋಲಿಕ ಮನೆಗಳಲ್ಲಿ ಕೊಂಕಣಿಯೂ ಇದೆ. ಮರಾಠಿ ಮನೆಯಿಂದ ಬಂದವನು ಮರಾಠಿಯಲ್ಲಿಯೇ ಬರೆಯಲಿ. ಥಾಮಸ್ ಸ್ಟೀಫನ್ಸರು 1616ರಲ್ಲಿ ಕ್ರಿಸ್ತಪುರಾಣವನ್ನು ಪ್ರಕಟಿಸಿದ್ದು ಆ ಭಾಷೆಯಲ್ಲಲ್ಲವೇ? ಮಾತಾಡುವ ಜನರ ಭಾಷೆಗೆ ತನ್ನ ಅಧ್ಯಯನವನ್ನು ಒಡ್ಡಬೇಕೆಂಬುದಷ್ಟೇ ನನ್ನ ಒತ್ತಾಯ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಮಾದರಿಯಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಸ್ವಾಮಿ ಅನಿಮಾನಂದರು ದೇಶನೂರಿನಲ್ಲಿ ಕಾವಿ ತೊಟ್ಟು, ವಿರಕ್ತ ಮಠದ ರೀತಿಯಲ್ಲಿ ಬಾಳಿ, ಲಿಂಗಾಯತ ನೆರೆಯವರಿಗೆ ಅರ್ಥವಾಗುವಂತೆ ಕ್ರಿಸ್ತನನ್ನು ನುಡಿದರು. ಅದು ಯಾವ ಪದವಿಗಾಗಿಯೂ ಮಾಡಿದ ಕೆಲಸವಲ್ಲ. ಆದರೆ ಪದವಿಗಾಗಿ ಮಾಡುವವರು ಅದನ್ನು ಮುಂದುವರಿಸಬಹುದಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಿ. ಎಸ್. ಅಮಲೋರ್ಪವದಾಸರು ಮುನ್ನಡೆಸಿದ ಕ್ರೈಸ್ತಧರ್ಮ ಅಧ್ಯಯನ ವಿಭಾಗದಂತಹ ಜಾಗ ಶ್ರೀಸಾಮಾನ್ಯರಿಗೂ ತೆರೆದಿರುವಾಗ, ನಮ್ಮ ಧರ್ಮಕೇಂದ್ರಗಳ ಪದವೀಧರ ಮಕ್ಕಳು ಅತ್ತ ಯೋಚಿಸದಿರುವುದೂ ಸೋಜಿಗವೇ.

1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರವಾಗಲಿ, ಕರ್ನಾಟಕದ ಬೇರಾವುದೇ ಧರ್ಮಕ್ಷೇತ್ರವಾಗಲಿ, ತಾನು ಕಳಿಸುವ ವಿದ್ಯಾರ್ಥಿಗೆ ಒಂದು ಷರತ್ತನ್ನು ಹಾಕಬಹುದು: ಪ್ರಬಂಧದ ಒಂದು ಅಧ್ಯಾಯ, ಇಪ್ಪತ್ತು ಪುಟವಾದರೂ ಸರಿ, ಊರಿನ ಭಾಷೆಯಲ್ಲಿರಲಿ, ಅದನ್ನು ಧರ್ಮಕೇಂದ್ರದ ಜನರ ಮುಂದೆ ಓದಿ, ಅವರ ಪ್ರಶ್ನೆಗಳಿಗೆ ಉತ್ತರಿಸಲಿ. ವ್ಯಾಸಂಗದ ವೆಚ್ಚದಲ್ಲಿ ನಮ್ಮ ಕಾಣಿಕೆಯ ಪಾಲೂ ಇರುವುದರಿಂದ ಕೇಳುವ ಹಕ್ಕು ನಮಗುಂಟು. ಆದ್ದರಿಂದ ಓದುಗರೇ, ಮುಂದಿನ ಸನ್ಮಾನ ಸಮಾರಂಭದಲ್ಲಿ ಶಾಲು ಹೊದಿಸಿದ ಮೇಲೆ, "ಗುರುಗಳೇ, ನೀವು ಏನನ್ನು ಬರೆದಿರಿ, ನಮಗೂ ತಿಳಿಯುವಂತೆ ಹೇಳಿ" ಎಂದು ಬೇಡಿಕೊಳ್ಳಿ. ಅರ್ಧ ಗಂಟೆ ಸಮಯ ಕೊಡಿ. ಊಟ ತುಸು ತಡವಾದರೆ ಆಗಲಿ.